ಗೇಟಪ್ಪನ ಲೇಟ್ ಸಂಘ

ಆ ಶಾಲೆಯ ಗೇಟಿನ ಪಕ್ಕ ಒಂದು ಗೂಡಿನಂಥ ಕೋಣೆ ಇದೆ. ಅದರಲ್ಲಿ ಕೂರುವ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದು ಇದ್ದೇ ಇದೆ, ಇಲ್ಲ ಅಂತಲ್ಲ. ಆದರೆ ಅದು ಸಂಬಳದ ಚೀಟಿಯ ಮೇಲೆ ಬಿಟ್ಟರೆ ಇನ್ನೆಲ್ಲೂ ಮುಖ ತೋರಿಸುವುದಿಲ್ಲ. ಆರುನೂರು ಮಕ್ಕಳಿಗೂ ಅವನು ಗೇಟಪ್ಪ. ಎದುರಿಗೆ ಸಿಕ್ಕರೆ ಮಾಮ, ಬೆನ್ನ ಹಿಂದೆ ಗೇಟಪ್ಪ, ಪ್ರೀತಿ ಉಕ್ಕಿದಾಗ ಗೇಟಪ್ಪ ಮಾಮ. ಐವತ್ತೈದು ವಯಸ್ಸು, ಒಂದು ಮಂಡಿ ಮಾತ್ರ ಎಪ್ಪತ್ತರದ್ದು, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ನು. ಇನ್ನೊಂದು ಪೆನ್ನು ಜೇಬಿನಲ್ಲಿ. ಕಿವಿಯ ಮೇಲಿನದು ಕೈಕೊಟ್ಟರೆ ಅಂತ.

ಈ ಕೆಲಸಕ್ಕೆ ಬರುವ ಮೊದಲು ಅವನು ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದ. ಹತ್ತೊಂಬತ್ತು ವರ್ಷ. ಯಾವ ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಒಳಗೆ ಬಂತು, ಎಷ್ಟಕ್ಕೆ ಹೊರಗೆ ಹೋಯಿತು, ಬರೆಯುವುದು. ಅಷ್ಟೇ ಕೆಲಸ. ಅಷ್ಟೇ ಅಂತ ಯಾರಾದರೂ ಅವನ ಎದುರಿಗೆ ಅಂದರೆ ಮಾತ್ರ ಕಥೆ ಬೇರೆ. ಡ್ರೈವರುಗಳು ಬಂದು ಹಲ್ಲು ಗಿಂಜುತ್ತಿದ್ದರಂತೆ. “ಅಣ್ಣಾ, ಎರಡೇ ಎರಡು ನಿಮಿಷ ಕಮ್ಮಿ ಬರ್ಕೊಳಣ್ಣ, ನಿಂಗೇನ್ ಹೋಗುತ್ತೆ?” ಅದಕ್ಕೆ ಇವನದು ಒಂದೇ ಉತ್ತರ. “ನಿಮಿಷ ನಂದಾಗಿದ್ರೆ ಕೊಡ್ತಿದ್ದೆ ಕಣಪ್ಪಾ. ಅದು ಗಡಿಯಾರದ್ದು.”

ಅವನ ಹೆಂಡತಿ ಮನೆಯ ಕಿಟಕಿ ಪಕ್ಕ ಮಿಷನ್ ಹಾಕಿಕೊಂಡು ಬಟ್ಟೆ ಹೊಲಿಯುತ್ತಾಳೆ, ಬಾಯಿ ಸೂಜಿಗಿಂತ ಚುರುಕು. ಗಿರಾಕಿಗಳು ಯಾರೇ ಬರಲಿ, ಈ ಮಾತು ಹೇಳದೆ ಅಳತೆ ತೆಗೆಯುವುದಿಲ್ಲ: “ಮದುವೆ ದಿನ ನಾನು ಬಂದು ಪಕ್ಕದಲ್ಲಿ ಕೂತ್ರೆ ಇವ್ರು ನನ್ನ ಮುಖ ನೋಡ್ಲಿಲ್ಲಮ್ಮ. ವಾಚ್ ನೋಡಿದ್ರು!”

ಡಿಪೋ ಮುಚ್ಚಿತು. ಗೇಟಪ್ಪ ಗೇಟಿಗೆ ಬಂದ. ಬಸ್ಸುಗಳ ಬದಲು ಮಕ್ಕಳು. ಪುಸ್ತಕ ಮಾತ್ರ ಹಾಗೇ ಇತ್ತು. ಹೆಸರು, ಕ್ಲಾಸು, ಬಂದ ಸಮಯ, ಕಾರಣ ಅಂತ ನಾಲ್ಕು ಗೆರೆ ಎಳೆದ ಉದ್ದನೆಯ ಲೇಟ್ ಪುಸ್ತಕ.

ಶಾಲೆಯ ನಿಯಮ ಸುಲಭ. ಎಂಟೂವರೆಗೆ ಬೆಲ್. ಬೆಲ್ಲು ಒಂದು ನಿಮಿಷ ಕಿರುಚಿ ನಿಲ್ಲುತ್ತದೆ. ನಿಂತ ಮೇಲೆ ಒಳಗೆ ಕಾಲಿಟ್ಟವರು ಲೇಟು. ಲೇಟಾದವರು ಮೊದಲನೇ ಪೀರಿಯಡ್ ಮುಗಿಯುವ ತನಕ, ಅಂದರೆ ಪೂರ್ತಿ ನಲವತ್ತು ನಿಮಿಷ, ಗೇಟಪ್ಪನ ಕೋಣೆಯ ಪಕ್ಕದ ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ಆಮೇಲೆ ದೊಡ್ಡ ಮೇಡಂ ಬಂದು ಪುಸ್ತಕಕ್ಕೆ ಸಹಿ ಹಾಕಿದರೆ ಕ್ಲಾಸಿಗೆ ಹೋಗಬಹುದು. ಇನ್ನೊಂದು ನಿಯಮವೂ ಇತ್ತು, ಇದು ಸ್ವಲ್ಪ ಖಾರದ್ದು. ಪರೀಕ್ಷೆಗೆ ಮುಂಚೆ ಇಪ್ಪತ್ತು ಲೇಟ್ ಆದರೆ ಆ ಮಗು ಪರೀಕ್ಷೆಗೆ ಕೂರುವಂತಿಲ್ಲ. ಹತ್ತೊಂಬತ್ತರ ತನಕ ಬೈಗುಳ, ಇಪ್ಪತ್ತಕ್ಕೆ ಬಾಗಿಲು ಬಂದ್.

ಗೇಟಪ್ಪ ಸೇರಿದ ಹೊಸತರಲ್ಲಿ ದಿನಾ ನಾಲ್ಕೈದು ಮಕ್ಕಳು ಗೋಡೆಗೆ ನಿಲ್ಲುತ್ತಿದ್ದರು. ನಿಂತವರು ಸುಮ್ಮನಿರುತ್ತಾರೆಯೇ? ಒಬ್ಬ ಗೋಡೆಯ ಸುಣ್ಣ ಉಗುರಿನಲ್ಲಿ ಕೆರೆದು ಮೀಸೆ ಇರುವ ಬೆಕ್ಕು ಬರೆದ. ಇಬ್ಬರು ಜಡೆ ಎಳೆದಾಡಿಕೊಂಡರು. ಇನ್ನೊಬ್ಬ ಪಕ್ಕದ ಸೈಕಲ್ ಶೆಡ್ಡಿಗೆ ನುಗ್ಗಿ ಒಂಬತ್ತು ಸೈಕಲ್ಲಿನ ಗಾಳಿ ಬಿಟ್ಟ. ಗೇಟಪ್ಪನಿಗೆ ಇದು ಹೊಸದಲ್ಲ. ಡಿಪೋದಲ್ಲಿ ಟ್ರಿಪ್ ಇಲ್ಲದೆ ಖಾಲಿ ಕೂತ ಡ್ರೈವರುಗಳೂ ಥೇಟ್ ಹೀಗೇ. ಕೆಲಸವಿಲ್ಲದ ಕೈ ಏನಾದರೂ ಒಂದು ಕಿತಾಪತಿ ಮಾಡಿಯೇ ತೀರುತ್ತದೆ. ಅಲ್ಲಿ ಅವನು ಮಾಡುತ್ತಿದ್ದದ್ದನ್ನೇ ಇಲ್ಲಿಯೂ ಮಾಡಿದ. ಎಲ್ಲರಿಗೂ ಡ್ಯೂಟಿ ಹಾಕಿದ.

“ಲೇ, ಗಾಳಿ ಬಿಟ್ಟೋನು ನೀನು ತಾನೇ? ತಗೋ ಪಂಪು. ಒಂಬತ್ತಕ್ಕೂ ಹೊಡಿ.”

“ಮಾಮ, ಕೈ ನೋವು!”

“ಬಿಡೋವಾಗ ನೋವಿರ್ಲಿಲ್ವಾ? ಹೊಡಿ.”

ಹೊಡೆದ. ಒಂಬತ್ತು ಮುಗಿಸಿ ಹಣೆ ಒರೆಸಿಕೊಂಡು ಹತ್ತನೆಯದಕ್ಕೂ ಕೈಹಾಕಿದ. ಯಾಕೆ ಅಂತ ಅವನಿಗೂ ಗೊತ್ತಿಲ್ಲ. ಆ ಹುಡುಗನ ಬಾಯಿ ದೊಡ್ಡದು. ಲೇಟಾದಾಗಲೆಲ್ಲ ಒಂದು ವಾದ ಹೂಡುತ್ತಿದ್ದ, “ಮಾಮ, ನಾನು ಲೇಟಲ್ಲ, ಬೆಲ್ಲು ಬೇಗ” ಅನ್ನುವ ಥರದ್ದು. ಅವನಿಗೆ ವಕೀಲ ಅಂತ ಹೆಸರು ಬಿತ್ತು. ಜೋಡಿ ಅಂತ ಇಬ್ಬರು ಅವಳಿ ಹುಡುಗಿಯರಿದ್ದರು, ಇಬ್ಬರಿಗೂ ಸೇರಿ ಒಂದೇ ಸೈಕಲ್ಲು. ಯಾರು ತುಳಿಯಬೇಕು ಅನ್ನುವ ಜಗಳ ಮನೆ ಬಾಗಿಲಲ್ಲಿ ಮುಗಿಯುವುದರೊಳಗೆ ಇಲ್ಲಿ ಬೆಲ್ಲು ಮುಗಿದಿರುತ್ತಿತ್ತು. ನಿದ್ದೆ ಅನ್ನುವವನು ನಿಂತಲ್ಲೇ ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ. ಅವನಿಗೆ ಅಡ್ಡಾದಿಡ್ಡಿ ಬಿದ್ದ ಸೈಕಲ್ಲುಗಳನ್ನು ಎತ್ತಿ ಸಾಲು ಮಾಡುವ ಡ್ಯೂಟಿ ಸಿಕ್ಕಿತು. ಜೋಡಿಗೆ ಚೈನು ಸಿಕ್ಕಿಸುವುದು. ವಕೀಲನಿಗೆ ಪಂಪು ಖಾಯಂ.

ಸಂಜೆ ಮಕ್ಕಳು ಶೆಡ್ಡಿಗೆ ಬಂದರೆ ಬೆಳಿಗ್ಗೆ ಮೆತ್ತಗಿದ್ದ ಟೈರು ಕಲ್ಲಿನಂತೆ ಗಟ್ಟಿ! ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೇ ಈ ಗೋಡೆಯ ಮಕ್ಕಳಿಗೆ ದೊಡ್ಡ ಖುಷಿ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಕಿಸಕ್ಕೆಂದು ನಗುತ್ತಿದ್ದರು. ವಕೀಲ ಅದಕ್ಕೆ ಲೇಟ್ ಸಂಘ ಅಂತ ನಾಮಕರಣ ಮಾಡಿ, ತಾನೇ ಅಧ್ಯಕ್ಷ ಅಂತ ಘೋಷಿಸಿದ. ಯಾರೂ ಒಪ್ಪಲಿಲ್ಲ.

ಹೀಗಿರುವಾಗ ಒಂದು ದಿನ ಎಂಟನೇ ಕ್ಲಾಸಿನ ಹೊಸ ಹುಡುಗಿಯೊಬ್ಬಳು ಲೇಟಾಗಿ ಬಂದಳು. ಅವಳಮ್ಮನ ಕೆಲಸ ವರ್ಷಕ್ಕೊಂದು ಊರಿಗೆ ಓಡಿಸುವಂಥದ್ದು. ಇದು ಅವಳ ಐದನೇ ಶಾಲೆ. ಹೆಸರು ಕೇಳಿದರೆ ಪುಸ್ತಕಕ್ಕೇ ಬಗ್ಗಿ ತಾನೇ ಬರೆದಳು, ಬಾಯಿ ಬಿಡಲಿಲ್ಲ. ಕಾರಣ ಕೇಳಿದರೆ ನೆಲ ನೋಡಿದಳು. ಕ್ಲಾಸಿನವರು ಅವಳಿಗೆ ಆಗಲೇ ಮ್ಯೂಟ್ ಅಂತ ಹೆಸರಿಟ್ಟಾಗಿತ್ತು.

“ನಿಂಗ್ಯಾವ ಡ್ಯೂಟಿ ಕೊಡ್ಲಮ್ಮ?” ಅಂತ ಗೇಟಪ್ಪ ತಲೆ ಕೆರೆದುಕೊಳ್ಳುತ್ತಿದ್ದರೆ ಅವಳು ಶೆಡ್ಡಿಗೆ ಹೋಗಿ, ವಕೀಲ ಗಾಳಿ ಹೊಡೆದೂ ಹೊಡೆದೂ ಸುಸ್ತಾಗಿದ್ದ ಒಂದು ಟೈರಿಗೆ ಕಿವಿ ಹಚ್ಚಿದಳು. ನಿಧಾನವಾಗಿ ಚಕ್ರ ತಿರುಗಿಸಿದಳು. ಒಂದು ಜಾಗದಲ್ಲಿ ನಿಲ್ಲಿಸಿ ಬೆರಳಿಟ್ಟಳು. ಪಂಕ್ಚರ್. ಗುಂಡುಸೂಜಿ ಮೊನೆಯಷ್ಟು ತೂತು.

“ಅರೆ! ಇವಳಿಗೆ ಟೈರು ಗುಟ್ಟು ಹೇಳುತ್ತೆ ಕಣ್ರೋ!” ಅಂತ ವಕೀಲ ಕೂಗಿದ. ಜೋಡಿ ಓಡಿ ಬಂತು. ನಿದ್ದೆಗೂ ಎಚ್ಚರವಾಯಿತು. ಎಲ್ಲರೂ ಸರದಿಯಲ್ಲಿ ಕಿವಿ ಹಚ್ಚಿ ನೋಡಿದರು, ಯಾರಿಗೂ ಏನೂ ಕೇಳಿಸಲಿಲ್ಲ. ಮ್ಯೂಟ್ ಮುಖದಲ್ಲಿ ಒಂದು ಚೂರು, ಒಂದೇ ಒಂದು ಚೂರು ನಗು ಮೂಡಿದ್ದನ್ನು ಗೇಟಪ್ಪ ನೋಡಿದ. ಸಮಯ ಎಂಟು ಐವತ್ತೆರಡು. ಪುಸ್ತಕದಲ್ಲಿ ಬರೆಯಲಿಲ್ಲ, ಆದರೆ ನೆನಪಿಟ್ಟುಕೊಂಡ.

ಇಷ್ಟು ಚೆನ್ನಾಗಿರುವ ವಿಷಯದಲ್ಲಿ ಕೆಟ್ಟದ್ದೇನಿದೆ ಅಂತೀರಾ? ಇದೆ. ದಿನಕ್ಕೆ ನಾಲ್ಕಿದ್ದ ಲೇಟು ಆರಾಯಿತು, ಎಂಟಾಯಿತು, ಹನ್ನೊಂದಕ್ಕೆ ಬಂದು ನಿಂತಿತು. ಪುಸ್ತಕ ಉಬ್ಬುತ್ತಾ ಹೋಯಿತು.

ದೊಡ್ಡ ಮೇಡಂ ಎತ್ತರದಲ್ಲಿ ಚಿಕ್ಕವರು. ಆದರೆ ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದರೆ ಎದುರಿಗಿದ್ದವರೇ ಗಿಡ್ಡ ಆಗಿಬಿಡುತ್ತಿದ್ದರು. “ಏನ್ರೀ ಇದು? ಲೇಟ್ ಬಂದೋರನ್ನ ನಿಲ್ಸೋದು ಶಿಕ್ಷೆ ಅಂತ ಅಲ್ವಾ? ಇಲ್ನೋಡಿದ್ರೆ ಇವ್ರು ಪಿಕ್‌ನಿಕ್ಕಿಗೆ ಬಂದಂಗಿದಾರೆ!”

“ಕೈಗೆ ಕೆಲ್ಸ ಕೊಟ್ಟಿದೀನಿ ಮೇಡಂ. ಕೀಟಲೆ ನಿಂತಿದೆ.”

“ಕೀಟಲೆ ನಿಂತಿದೆ, ಲೇಟು ಹೆಚ್ಚಿದೆ. ನಂಗೆ ಎರಡೂ ನಿಲ್ಬೇಕು.”

ಮೇಡಂ ಹೋದ ಮೇಲೆ ಗೇಟಪ್ಪ ಪುಸ್ತಕ ಬಿಚ್ಚಿ ಕೂತ. ಹಾಳೆ ತಿರುವುತ್ತಾ ಹೋದಂತೆ ಅವನ ಡಿಪೋ ಬುದ್ಧಿ ಜಾಗೃತವಾಯಿತು. ನಿಜವಾಗಲೂ ಲೇಟಾಗುವ ಬಸ್ಸು ಹೇಗಿರುತ್ತದೆ ಗೊತ್ತಾ? ಒಂದು ದಿನ ಮೂರು ನಿಮಿಷ, ಮಾರನೇ ದಿನ ಹದಿನೇಳು, ಅದರ ಮಾರನೇ ದಿನ ಎಂಟು. ಮಳೆ, ದನ, ಮೆರವಣಿಗೆ, ಏನೋ ಒಂದು. ದಿನಾ ಒಂದೇ ನಿಮಿಷಕ್ಕೆ ಲೇಟಾಗಿ ಬರುವ ಬಸ್ಸು ಲೇಟೇ ಅಲ್ಲ. ಅದು ಎಲ್ಲೋ ತಿರುವಿನಲ್ಲಿ ನಿಂತು ಕಾಯುತ್ತಿದೆ ಅಂತ ಅರ್ಥ. ವಕೀಲನ ಸಾಲು ನೋಡಿದ: ಎಂಟು ಮೂವತ್ತಾರು, ಎಂಟು ನಲವತ್ತೊಂದು, ಎಂಟು ಮೂವತ್ತೆರಡು. ಇದು ನಿಜವಾದ ಸೋಮಾರಿ. ಮ್ಯೂಟ್ ಸಾಲು ನೋಡಿದ. ಎಂಟು ಮೂವತ್ತಮೂರು. ಎಂಟು ಮೂವತ್ತಮೂರು. ಎಂಟು ಮೂವತ್ತಮೂರು. ಕೊನೆಯ ತನಕ ಎಂಟು ಮೂವತ್ತಮೂರು. ಒಟ್ಟು ಹದಿನೇಳು ಸಲ.

ಹದಿನೇಳು! ಗೇಟಪ್ಪ ಇನ್ನೊಂದು ಸಲ ಎಣಿಸಿದ. ಇನ್ನು ಮೂರಾದರೆ ಮಗು ಪರೀಕ್ಷೆಗೆ ಕೂರುವಂತಿಲ್ಲ. ಉಳಿದವರು ನಡುನಡುವೆ ಟೈಮಿಗೂ ಬರುತ್ತಿದ್ದರು, ಅವರಲ್ಲಿ ಯಾರದೂ ಹನ್ನೆರಡು ದಾಟಿರಲಿಲ್ಲ.

ಮಾರನೇ ದಿನ ಎಂಟು ಹತ್ತಕ್ಕೆ ಪಿ.ಟಿ. ಮಾಸ್ಟರಿಗೆ ಗೇಟು ಒಪ್ಪಿಸಿ ರಸ್ತೆ ದಾಟಿದ. ಎದುರಿಗಿನ ಜೆರಾಕ್ಸ್ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ, ರದ್ದಿ ಕಾಗದದ ಮೂಟೆಗಳ ಹಿಂದೆ, ಸ್ಕೂಲ್ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು ಮ್ಯೂಟ್.

“ಇವ್ಳಾ? ನಾನು ಶಟರ್ ಎತ್ತೋಕೆ ಮುಂಚೇನೇ ಬಂದಿರ್ತಾಳೆ” ಅಂದ ಜೆರಾಕ್ಸಿನವನು. “ನೀರಿನ ಟ್ಯಾಂಕ್ ಕಡೆಯಿಂದ ಬರ್ತಾಳೆ. ಬೆಲ್ ಆದ್ಮೇಲೆ ಎದ್ದು ಹೋಗ್ತಾಳೆ. ಶಾಲೆಯವ್ರೇ ಏನೋ ಹೇಳಿರ್ಬೇಕು ಅನ್ಕೊಂಡಿದ್ದೆ.”

ಗೇಟಪ್ಪ ಮಂಡಿ ಹಿಡಿದುಕೊಂಡು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತ. “ಏನ್ ಪುಟ್ಟಿ, ಇಲ್ಲಿ?”

ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡಳು.

“ಟೈಮಿಗೆ ಮುಂಚೆ ಬಂದೂ ಲೇಟಾಗಿ ಬರೋರನ್ನ ನಾನು ಡಿಪೋದಲ್ಲೂ ನೋಡಿಲ್ಲ ಕಣವ್ವ. ಒಳಗೆ ಹೋಗೋಕೇನು?”

ಅವಳು ಬ್ಯಾಗಿನ ಜಿಪ್ಪು ಎಳೆಯುತ್ತಾ ಹೇಳಿದಳು. “ಒಳಗೆ ಹೋದ್ರೆ ನಂಗೇನ್ ಕೆಲ್ಸ ಇದೆ ಮಾಮ?”

“ಓದೋದು!”

“ಅದು ಎಲ್ರಿಗೂ ಇದೆ.” ಮತ್ತೆ ಜಿಪ್ಪು. “ಬೆಂಚಲ್ಲಿ ನಾನೊಬ್ಳೇ. ಮೂರು ಜನ ಕೂರೋ ಬೆಂಚು.”

ಗೇಟಪ್ಪ ಮಂಡಿ ಹಿಡಿದುಕೊಂಡು ಎದ್ದ. ಇವತ್ತು ಒಳಗೆ ಹೋಗು ಅಂತ ಕೈಹಿಡಿದು ಕರೆತಂದ. ಅವಳು ಟೈಮಿಗೆ ಸರಿಯಾಗಿ ಕ್ಲಾಸಿಗೆ ಹೋದಳು. ಕಾಲಿಗೆ ಕಲ್ಲು ಕಟ್ಟಿಕೊಂಡವಳಂತೆ ಹೋದಳು.

ಆ ಸಂಜೆ ಗೇಟಪ್ಪ ಕನ್ನಡಿ ಮುಂದೆ ನಿಂತ. ಹುಬ್ಬು ಗಂಟಿಕ್ಕಿದ. ತುಟಿ ಬಿಗಿದ. ಮೂಗಿನ ಹೊಳ್ಳೆ ಅರಳಿಸಿದ. ಲೆಕ್ಕಾಚಾರ ಏನಪ್ಪಾ ಅಂದರೆ, ಗೋಡೆ ಹತ್ತಿರ ನಿಲ್ಲುವುದು ಬೇಸರವಾದರೆ ಯಾರೂ ಲೇಟಾಗಿ ಬರುವುದಿಲ್ಲ.

ಮಿಷನ್ ಪೆಡಲಿನ ಸದ್ದು ನಿಂತಿತು. “ಏನ್ರೀ, ಹಲ್ಲು ನೋವಾ?”

“ಸಿಟ್ಟು ಕಣೇ ಇದು!”

“ಇದು ಸಿಟ್ಟಾ? ನಾನು ಮೂವತ್ತು ವರ್ಷದಿಂದ ಇದನ್ನ ಹಲ್ಲು ನೋವು ಅನ್ಕೊಂಡಿದೀನಲ್ರೀ!”

ಮಕ್ಕಳೂ ಹಾಗೇ ಅಂದುಕೊಂಡರು. ಮಾರನೇ ದಿನ “ಇವತ್ತಿಂದ ಡ್ಯೂಟಿ ಇಲ್ಲ. ಗೋಡೆ ಕಡೆ ಮುಖ ಮಾಡಿ, ಬಾಯಿಗೆ ಬೀಗ” ಅಂತ ಗೇಟಪ್ಪ ಗುಡುಗಿದ. ಹನ್ನೊಂದೂ ಮಕ್ಕಳು ಗೋಡೆಗೆ ಮುಖ ಮಾಡಿದರು. ಎರಡು ನಿಮಿಷ ಮೌನ. ಆಮೇಲೆ ಪಿಸಪಿಸ. ಆಮೇಲೆ ಕೈಯಿಂದ ಕೈಗೆ ಒಂದು ಹಾಳೆ ಹರಿದಾಡಿತು. ಕೊನೆಗೆ ವಕೀಲ ಬಂದು ಗಂಟಲು ಸರಿಮಾಡಿಕೊಂಡು ಓದಿದ.

“ಮಾನ್ಯ ಗೇಟಪ್ಪ ಮಾಮನವರಿಗೆ, ಲೇಟ್ ಸಂಘದವರು ಮಾಡುವ ಮನವಿ ಏನೆಂದರೆ, ತಮಗೆ ಮೈ ಹುಷಾರಿಲ್ಲವೆಂದು ಕಾಣುತ್ತದೆ. ತಾವು ಕುರ್ಚಿಯಲ್ಲಿ ಕೂರಬೇಕು. ಗೇಟು ನಾವು ನೋಡಿಕೊಳ್ಳುತ್ತೇವೆ. ಜೋಡಿ ಬಿಸಿನೀರು ತರುತ್ತಾರೆ. ಇಂತಿ ತಮ್ಮ ವಿಶ್ವಾಸಿ…”

“ಹೋಗೋ ನಿನ್ ವಿಶ್ವಾಸ!” ಅನ್ನುವಷ್ಟರಲ್ಲಿ ಗೇಟಪ್ಪನಿಗೇ ನಗು ತಡೆಯಲಾಗಲಿಲ್ಲ. ಸಿಟ್ಟು ಮೂರು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯಿತು. ಆ ಸಾಲಿನ ಕೊನೆಯಲ್ಲಿ ಮ್ಯೂಟ್ ಇದ್ದಳು. ಬಂದದ್ದು ಎಂಟು ಮೂವತ್ತಮೂರು. ಹದಿನೆಂಟನೆಯದು.

ಮನೆಗೆ ಹೋಗಿ ತಲೆ ಮೇಲೆ ಕೈಹೊತ್ತು ಕೂತ ಗಂಡನನ್ನು ನೋಡಿ ಹೆಂಡತಿ ದಾರ ಕಚ್ಚಿ ತುಂಡು ಮಾಡಿದಳು. “ರೀ, ನಿಮ್ ಡ್ಯೂಟಿ ಸಿಗೋದು ಯಾರಿಗೆ?”

“ಲೇಟಾಗಿ ಬಂದೋರಿಗೆ.”

“ಬೇಗ ಬಂದೋರಿಗೆ?”

“ಅವ್ರಿಗ್ಯಾಕೆ? ಅವ್ರು ಸೀದಾ ಒಳಗೆ ಹೋಗ್ತಾರೆ.”

“ಮತ್ತೆ? ಯಾರ್ ತಾನೇ ಬೇಗ ಬರ್ತಾರ್ರೀ? ನಾನಾಗಿದ್ರೂ ಲೇಟಾಗೇ ಬರ್ತಿದ್ದೆ.”

ಗೇಟಪ್ಪ ಹಣೆ ಚಚ್ಚಿಕೊಂಡ. ಅಯ್ಯೋ, ಡಿಪೋದಲ್ಲಿ ಹತ್ತೊಂಬತ್ತು ವರ್ಷ ಕಳೆದವನಿಗೆ ಇಷ್ಟು ಹೊಳೆಯಲಿಲ್ಲವಲ್ಲ! ಕೆಲಸ ಬದಲಾಯಿಸುವುದಲ್ಲ. ಪಾಳಿ ಬದಲಾಯಿಸಬೇಕು.

ಬೆಳಿಗ್ಗೆ ಗೋಡೆಗೆ ನಿಂತವರ ಮುಂದೆ ಕೈಕಟ್ಟಿ ಘೋಷಿಸಿದ. “ಕೇಳ್ರಪ್ಪಾ. ನಾಳೆಯಿಂದ ಶಿಫ್ಟ್ ಬದಲು. ಸೈಕಲ್ ಬರೋ ಹೊತ್ತಿಗೇ ಸಾಲು ಮಾಡ್ಬೇಕು, ಬಂದಾದ್ಮೇಲೆ ಅಲ್ಲ. ಡ್ಯೂಟಿ ಎಂಟು ಗಂಟೆಗೆ ಶುರು, ಎಂಟೂಕಾಲಿಗೆ ಮುಗೀತು. ಎಂಟು ಗಂಟೆಗೆ ಬರ್ದೇ ಇದ್ರೆ ಪಂಪು ಬೇರೆಯವ್ರಿಗೆ.”

“ಮಾಮ, ಬೇಗ ಬಂದ್ರೆ ಅದು ಲೇಟ್ ಸಂಘ ಹೆಂಗಾಗುತ್ತೆ? ಕಾನೂನು ಪ್ರಕಾರ…” ವಕೀಲ ಶುರು ಮಾಡಿದ.

“ನಿನ್ ಪಂಪು ನಾನ್ ತಗೋತೀನಿ” ಅಂದಳು ಜೋಡಿಯಲ್ಲಿ ನಾಲ್ಕು ನಿಮಿಷ ದೊಡ್ಡವಳು. ಕಾನೂನು ಅಲ್ಲಿಗೆ ಮುಗಿಯಿತು.

ನಂಬುತ್ತೀರೋ ಇಲ್ಲವೋ, ಮಾರನೇ ದಿನ ಎಂಟಕ್ಕೆ ಹತ್ತೂ ಜನ ಹಾಜರ್. ನಿದ್ದೆ ಕೂಡ ಬಂದ, ಕಣ್ಣು ಮುಚ್ಚಿಕೊಂಡೇ ಆದರೂ ಬಂದ. ಎಂಟೂವರೆಗೆ ಎಲ್ಲರೂ ಕ್ಲಾಸಿನೊಳಗೆ. ಲೇಟ್ ಪುಸ್ತಕದ ಹಾಳೆ ಮೊದಲ ಸಲ ಬಿಳಿ ಬಿಳಿ.

ಹತ್ತೂ ಜನ ಅಂದೆನಲ್ಲ, ಹನ್ನೊಂದು ಅನ್ನಲಿಲ್ಲ. ಗೇಟಪ್ಪ ಪಾಳಿ ಬದಲಾವಣೆ ಘೋಷಿಸಿದ ದಿನವೂ ಅದರ ಮಾರನೇ ದಿನವೂ ಮ್ಯೂಟ್ ಶಾಲೆಗೇ ಬಂದಿರಲಿಲ್ಲ, ಜ್ವರ. ಡಿಪೋದ ಅಭ್ಯಾಸದಂತೆ ಅವನು ಶಿಫ್ಟ್ ಬದಲಾದ ವಿಷಯ ಒಂದು ಹಾಳೆಯ ಮೇಲೆ ಬರೆದು ತನ್ನ ಕೋಣೆಯ ಕಿಟಕಿಗೆ ಅಂಟಿಸಿದ್ದ. ಡ್ರೈವರುಗಳಾಗಿದ್ದರೆ ಬಂದ ಕೂಡಲೇ ಮೊದಲು ಅದನ್ನೇ ಓದುತ್ತಿದ್ದರು. ಆದರೆ ಆ ಕಿಟಕಿ ಗೇಟಿನ ಒಳಗಿತ್ತು. ಮ್ಯೂಟ್ ಕೂರುತ್ತಿದ್ದದ್ದು ರಸ್ತೆಯಾಚೆ. ಅವಳಿಗೆ ಬೇರೆಯಾಗಿ ಹೇಳಬೇಕು ಅನ್ನುವುದು, ಯಾರಿಗಾಗಿ ಇಷ್ಟೆಲ್ಲಾ ಮಾಡಿದನೋ ಅವಳಿಗೇ ಹೇಳಬೇಕು ಅನ್ನುವುದು, ಈ ನಿಮಿಷ ಬಿಡದ ಮನುಷ್ಯನಿಗೆ ಮರೆತೇ ಹೋಯಿತು.

ಮೂರನೇ ದಿನ ಎಂಟು ಮೂವತ್ತಮೂರಕ್ಕೆ ಅವಳು ಗೇಟಿನೊಳಗೆ ಕಾಲಿಟ್ಟಳು. ಗೋಡೆ ಖಾಲಿ. ಶೆಡ್ಡಿನಲ್ಲಿ ಸೈಕಲ್ಲುಗಳು ಆಗಲೇ ಸಾಲಾಗಿ ನಿಂತಿದ್ದವು.

“ಎಲ್ರೂ ಎಲ್ಲಿ ಮಾಮ?”

“ಕ್ಲಾಸಿಗೆ ಹೋದ್ರು ಪುಟ್ಟಿ. ಈಗ ಡ್ಯೂಟಿ ಎಂಟು ಗಂಟೆಗೆ. ಬದಲಾಯ್ಸಿದ್ವಿ.”

“ನಂಗ್ಯಾಕೆ ಹೇಳಿಲ್ಲ?”

ಗೇಟಪ್ಪ ಪುಸ್ತಕ ತೆರೆದ. ಪೆನ್ನು ಹಾಳೆಯ ಮೇಲೆ ನಿಂತಿತು. ಅವನ ಜೀವಮಾನದಲ್ಲಿ ಪೆನ್ನು ಹಾಗೆ ನಿಂತದ್ದೇ ಇಲ್ಲ. ಎಂಟು ಮೂವತ್ತು ಅಂತ ಬರೆದರೆ? ಬರೆಯದೇ ಬಿಟ್ಟರೆ? ಯಾರು ನೋಡುತ್ತಾರೆ? ಅವಳು ಪೆನ್ನನ್ನೂ ನೋಡಿದಳು, ಅವನ ಮುಖವನ್ನೂ ನೋಡಿದಳು.

“ಬರೀರಿ ಮಾಮ. ಎಂಟು ಮೂವತ್ತಮೂರು.”

ಬರೆದ. ಹತ್ತೊಂಬತ್ತು. ನಲವತ್ತು ನಿಮಿಷ ಅವಳೊಬ್ಬಳೇ ಆ ಉದ್ದನೆಯ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಗೇಟಪ್ಪ ಎರಡು ಸಲ “ನಾಳೆ ಎಂಟಕ್ಕೆ ಬಾ ಪುಟ್ಟಿ, ಮರೀಬೇಡ” ಅಂದ. ಅವಳು ತಲೆಯಾಡಿಸಿದಳು. ಹೌದು ಅಂತಲೋ, ಬೇಡ ಅಂತಲೋ, ಆ ತಲೆಯಾಡಿಸುವಿಕೆಯಲ್ಲಿ ತಿಳಿಯಲಿಲ್ಲ.

ಇದರ ಮೇಲೆ ದೊಡ್ಡ ಮೇಡಂ ಬೇರೆ. ಕನ್ನಡಕ ಜಾರಿಸಿ ಹಾಳೆ ನೋಡಿದರು. “ಮೊನ್ನೆ ಹತ್ತು, ನಿನ್ನೆ ಸೊನ್ನೆ, ಇವತ್ತು ಒಂದು? ನಾನು ಬೈದೆ ಅಂತ ಬರೆಯೋದನ್ನೇ ನಿಲ್ಲಿಸಿದ್ರಾ?”

ಗೇಟಪ್ಪನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. “ಮೇಡಂ, ಬೇರೆ ಏನ್ ಬೇಕಾದ್ರೂ ಅನ್ನಿ. ಪುಸ್ತಕದ ಬಗ್ಗೆ ಮಾತ್ರ ಅನ್ಬೇಡಿ.”

“ನಾಳೆ ನಾನೇ ಗೇಟಲ್ಲಿ ನಿಲ್ತೀನಿ. ನೋಡೋಣ.”

ಮಾರನೇ ದಿನ ಎಂಟು ಗಂಟೆ. ಹತ್ತು ಜನ ಬಂದರು. ಎಂಟು ಐದು. ಮ್ಯೂಟ್ ಇಲ್ಲ, ರಸ್ತೆಯಾಚೆ ಜೆರಾಕ್ಸ್ ಅಂಗಡಿಯ ಮೆಟ್ಟಿಲೂ ಖಾಲಿ. ಗೇಟಪ್ಪ ತಡೆಯಲಾರದೆ ವಿಷಯ ಹೇಳಿದ. ಅವಳದು ಹತ್ತೊಂಬತ್ತಾಗಿದೆ, ಇವತ್ತು ಲೇಟಾದರೆ ಪರೀಕ್ಷೆ ಇಲ್ಲ, ಶಿಫ್ಟ್ ಬದಲಾದದ್ದು ತಾನು ಹೇಳಲು ಮರೆತೆ.

ಪಂಪಿನ ಸದ್ದು ನಿಂತಿತು.

“ನೀವು ಮರೆತ್ರಿ ಸರಿ ಮಾಮ. ನಮ್ಮಲ್ಲೂ ಒಬ್ರಿಗಾದ್ರೂ ನೆನಪಾಗ್ಬೇಡ್ವಾ?” ಅಂದ ವಕೀಲ. ಈ ಸಲ ವಾದದ ಧಾಟಿ ಇರಲಿಲ್ಲ. “ಅವಳ ಮನೆ ಎಲ್ಲಿ?”

ಯಾರಿಗೂ ಗೊತ್ತಿಲ್ಲ. ಒಂದು ತಿಂಗಳು ಅವಳ ಜೊತೆ ಟೈರು ತಿರುಗಿಸಿದ್ದಾರೆ, ಮನೆ ಯಾವ ದಿಕ್ಕಿಗೆ ಅನ್ನುವುದೂ ಗೊತ್ತಿಲ್ಲ. “ನೀರಿನ ಟ್ಯಾಂಕ್ ಕಡೆ ಅಂತ ಜೆರಾಕ್ಸಿನವನು ಹೇಳ್ತಿದ್ದ…” ಅಂತ ಗೇಟಪ್ಪ ಬಾಯಿ ಮುಚ್ಚುವುದರೊಳಗೆ ಜೋಡಿ ಸೈಕಲ್ ಹತ್ತಿತು. ಯಾರು ತುಳಿಯಬೇಕು ಅಂತ ಜಗಳವೇ ಆಡಲಿಲ್ಲ! ಹಿಂದೆ ವಕೀಲ, ನಿದ್ದೆ, ಇನ್ನಿಬ್ಬರು ಓಟ ಕಿತ್ತರು.

“ಲೇ, ಲೇ! ನೀವೂ ಲೇಟಾಗ್ತೀರ್ರೋ!” ಗೇಟಪ್ಪ ಕೂಗಿದ. ಯಾರೂ ತಿರುಗಿ ನೋಡಲಿಲ್ಲ.

ಎಂಟು ಇಪ್ಪತ್ತಕ್ಕೆ ದೊಡ್ಡ ಮೇಡಂ ಬಂದು ಅವನ ಪಕ್ಕ ನಿಂತರು. ಮಕ್ಕಳು ಸಾಲು ಸಾಲಾಗಿ ಒಳಗೆ ಹೋಗುತ್ತಿದ್ದರು. ಮೇಡಂ ವಾಚು ನೋಡುತ್ತಿದ್ದರು. ಗೇಟಪ್ಪ ಜೀವನದಲ್ಲಿ ಮೊದಲ ಸಲ ವಾಚು ನೋಡುತ್ತಿರಲಿಲ್ಲ. ರಸ್ತೆಯ ತಿರುವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದ.

ಬೆಲ್ಲು ಕಿರುಚಲು ಶುರುವಾಯಿತು. ತಿರುವು ಖಾಲಿ. ಬೆಲ್ಲು ಕಿರುಚುತ್ತಲೇ ಇತ್ತು. ಆಗ ತಿರುವಿನಲ್ಲಿ ಸೈಕಲ್ಲೊಂದು ಕಂಡಿತು. ಜೋಡಿಯಲ್ಲಿ ನಾಲ್ಕು ನಿಮಿಷ ದೊಡ್ಡವಳು ಹ್ಯಾಂಡಲಿನ ಮೇಲೆ ಬಗ್ಗಿ ತುಳಿಯುತ್ತಿದ್ದಳು. ಹಿಂದಿನ ಕ್ಯಾರಿಯರಿನ ಮೇಲೆ ಒಂದು ಜಡೆ ಹೆಣೆದು ಇನ್ನೊಂದು ಬಿಚ್ಚಿಕೊಂಡೇ ಇದ್ದ ಮ್ಯೂಟ್, ಎರಡು ಬ್ಯಾಗು ತಬ್ಬಿಕೊಂಡು ಕೂತಿದ್ದಳು. ಸೈಕಲ್ಲು ಗೇಟಿನ ಗೆರೆ ದಾಟಿತು, ದೊಡ್ಡ ಮೇಡಂ ಒಂದು ಹೆಜ್ಜೆ ಹಿಂದೆ ಹಾರಿದರು, ಬೆಲ್ಲು ನಿಂತಿತು. ಈ ಕ್ರಮದಲ್ಲೇ ಆಯಿತು. ಬೇಕಾದರೆ ಮೇಡಂ ಅವರನ್ನೇ ಕೇಳಿ, ವಾಚು ಅವರ ಕೈಯಲ್ಲೇ ಇತ್ತು.

ಏನಾಗಿತ್ತು ಅಂದರೆ, ಅವಳು ಹೊಟ್ಟೆನೋವು ಅಂತ ಹೇಳಿ ಮಲಗಿಬಿಟ್ಟಿದ್ದಳು. ಅತ್ತ ಜೋಡಿ ಮತ್ತು ಉಳಿದವರು ಟ್ಯಾಂಕಿನ ಸುತ್ತ ಹದಿನಾಲ್ಕು ಮನೆ ಬಾಗಿಲು ಬಡಿದ ಮೇಲೆ, ಹದಿನೈದನೆಯದಕ್ಕೆ ಅವಳ ಅಮ್ಮ ಬಾಗಿಲು ತೆರೆದಿದ್ದರು. ಎದುರಿಗೆ ಏದುಸಿರು ಬಿಡುವ ಆರು ಮಕ್ಕಳು. “ನೀವ್ಯಾರು?” ಅಂತ ಅಮ್ಮ ಕೇಳಿದ್ದಕ್ಕೆ ವಕೀಲ “ಲೇಟ್ ಸಂಘದಿಂದ ಬಂದಿದೀವಿ ಆಂಟಿ” ಅಂದನಂತೆ. ಒಳಗಿದ್ದವಳಿಗೆ ಅದು ಕೇಳಿಸಿ ಹೊಟ್ಟೆನೋವು ಅಲ್ಲೇ ವಾಸಿ.

ಎಂಟು ನಲವತ್ತೆರಡಕ್ಕೆ ಉಳಿದ ಐವರು ಬಂದರು. ಬೆವರು ಸುರಿಯುತ್ತಿತ್ತು, ನಿದ್ದೆಯ ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಬಂದವರೇ ತಾವಾಗಿ ಗೋಡೆಗೆ ಬೆನ್ನು ಹಚ್ಚಿ ನಿಂತು ಒಂದೇ ಉಸಿರಿಗೆ “ಬಂದ್ಲಾ?” ಅಂತ ಕೇಳಿದರು. ಗೇಟಪ್ಪ ತಲೆಯಾಡಿಸಿದ. ಐವರೂ ಹಲ್ಲು ಬಿಟ್ಟರು.

“ಲೇಟಾಗಿ ಬಂದು ನಗ್ತೀರಾ?” ಮೇಡಂ ಗದರಿಸಿದರು.

ಗೇಟಪ್ಪ ಪುಸ್ತಕ ತೆರೆದು ಐದು ಹೆಸರೂ ಬರೆದ. ಐದಕ್ಕೂ ಎಂಟು ನಲವತ್ತೆರಡು, ಒಂದು ಸೆಕೆಂಡೂ ಆಚೀಚೆ ಇಲ್ಲ. ಕಾರಣ ಅನ್ನುವ ಜಾಗದಲ್ಲಿ ‘ರಿಲೀಫ್ ಟ್ರಿಪ್’ ಅಂತ ಬರೆದ.

“ಏನ್ರೀ ಹಂಗಂದ್ರೆ?”

“ದಾರೀಲಿ ಒಂದು ಬಸ್ಸು ಕೆಟ್ಟು ನಿಂತ್ರೆ ಅದರ ಜನಾನ ಕರ್ಕೊಂಡ್ ಬರೋಕೆ ಇನ್ನೊಂದು ಬಸ್ಸು ಹೋಗುತ್ತೆ ಮೇಡಂ. ಅದು ಲೇಟಾಗುತ್ತೆ. ಲೇಟು ಅಂತ ಬರೀಬೇಕು, ಬರೆದಿದೀನಿ. ಆದ್ರೆ ಡ್ರೈವರ್‌ನ ಬೈಯಲ್ಲ.”

ಮೇಡಂ ಆ ಹಾಳೆ ನೋಡಿದರು, ಹಿಂದಿನ ಹಾಳೆ ತಿರುವಿದರು, ಅದರ ಹಿಂದಿನದ್ದನ್ನೂ. ಎಂಟು ಮೂವತ್ತಮೂರುಗಳ ಮೇಲೆ ಬೆರಳಾಡಿಸಿದರು. ಇದೇನು ಅಂತ ಕೇಳಿದರು. ಗೇಟಪ್ಪ ಮೆಟ್ಟಿಲು, ರದ್ದಿ ಮೂಟೆ, ಮೂರು ಜನ ಕೂರುವ ಬೆಂಚು ಎಲ್ಲಾ ಹೇಳಿದ. ಮೇಡಂ ಸಹಿ ಹಾಕಿದರು. ಬೈಯಲೂ ಇಲ್ಲ, ಹೊಗಳಲೂ ಇಲ್ಲ.

ಅಷ್ಟರಲ್ಲಿ ಮ್ಯೂಟ್ ಸೈಕಲ್ ಶೆಡ್ಡಿನ ಮೂಲೆಯಿಂದ ಮೆಲ್ಲಗೆ ಬಂದು ಗೋಡೆಯ ಸಾಲಿನ ಕೊನೆಗೆ ನಿಂತುಕೊಂಡಳು. ಇಷ್ಟು ಹೊತ್ತು ಅಲ್ಲೇ ಅವಿತುಕೊಂಡು ಕಾಯುತ್ತಿದ್ದಳು.

“ನೀನ್ಯಾಕಮ್ಮ ಇಲ್ಲಿ?” ಅಂದ ಗೇಟಪ್ಪ.

“ಇವ್ರೆಲ್ಲಾ ನನ್ನಿಂದ ಲೇಟು. ನಾನೂ ನಿಲ್ತೀನಿ.”

“ನೀನು ಟೈಮಿಗೆ ಬಂದಿದೀಯ. ನಿಂಗಿಲ್ಲಿ ಜಾಗ ಇಲ್ಲ, ನಡಿ ನಡಿ.”

“ಹೋಗೇ, ನೋಟ್ಸ್ ಬರ್ಕೋ” ಅಂದ ನಿದ್ದೆ. ಅವನೂ ಎಂಟನೇ ಕ್ಲಾಸು, ಅವಳದೇ ಸೆಕ್ಷನ್, ಹಿಂದಿನ ಬೆಂಚಿನಲ್ಲಿ ಮಲಗುವವನು. “ನಿನ್ ಬೆಂಚಲ್ಲಿ ನಂಗೊಂದು ಜಾಗ ಇಟ್ಟಿರು. ನಲವತ್ತು ನಿಮಿಷ ಆದ್ಮೇಲೆ ಬರ್ತೀನಿ.”

“ಮಲ್ಕೊಳಕ್ಕಾ?” ಅಂದಳು ಅವಳು. ಜೋರಾಗಿಯೇ ಅಂದಳು. ಗೋಡೆಯ ಸಾಲು ಪೂರ್ತಿ ನಕ್ಕಿತು, ದೊಡ್ಡ ಮೇಡಂ ಕನ್ನಡಕ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು. ಅವಳು ಬಿಚ್ಚಿದ ಜಡೆ ಹಿಡಿದುಕೊಂಡು ಕ್ಲಾಸಿನ ಕಡೆ ಓಡಿದಳು.

ಪರೀಕ್ಷೆಗೆ ಇನ್ನೂ ಐದು ವಾರ ಇತ್ತು. ಹತ್ತೊಂಬತ್ತು ಹತ್ತೊಂಬತ್ತಾಗಿಯೇ ಉಳಿಯಿತು. ಪರೀಕ್ಷೆಗೆ ಕೂರುವವರ ಹೆಸರಿನ ಪಟ್ಟಿ ನೋಟೀಸ್ ಬೋರ್ಡಿಗೆ ಅಂಟಿದ ದಿನ ಲೇಟ್ ಸಂಘದವರು ತಮ್ಮ ಹೆಸರು ಹುಡುಕುವ ಮೊದಲು ಅವಳದನ್ನು ಹುಡುಕಿದರು. ಸಿಕ್ಕಿತು. ವಕೀಲ ಓಡಿ ಬಂದು ಗೇಟಪ್ಪನ ಕಿಟಕಿಗೆ ತಲೆ ತೂರಿಸಿ ಕೂಗಿ ಹೇಳಿದ. ಗೇಟಪ್ಪ “ಸರಿ ಸರಿ, ಕ್ಲಾಸಿಗೆ ಹೋಗು” ಅಂದ. ಆಮೇಲೆ ಮಂಡಿ ನೋವನ್ನೂ ಲೆಕ್ಕಿಸದೆ ಬೋರ್ಡಿನ ತನಕ ನಡೆದು ಹೋಗಿ, ಆ ಸಾಲಿನ ಮೇಲೆ ಬೆರಳಿಟ್ಟು, ತಾನೇ ಒಂದು ಸಲ ಓದಿಕೊಂಡ.